ಯಾರ ಕಣ್ಣಿಗೂ ಬೀಳದ ಮಕ್ಕಳು

ಎಲ್ಲರಿಗೂ ನಮಸ್ಕಾರ.

ಒಂದು ಕತೆ ಹೇಳಿ ಶುರು ಮಾಡುತ್ತೇನೆ. 1940ರ ಏಪ್ರಿಲ್ 9ರ ಬೆಳಗಿನ ಜಾವ ಜರ್ಮನ್ ಸೈನ್ಯ ನಾರ್ವೆಗೆ ನುಗ್ಗಿತು. ದೇಶದ ಚಿನ್ನ ಅವರ ಪಾಲಾಗಬಾರದು. ಅದಕ್ಕೆ ಒಂದು ಹಳ್ಳಿಯ ಮಕ್ಕಳೆಲ್ಲ ಸೇರಿ, ಹಿಮದ ಮೇಲೆ ಜಾರಿಸುವ ತಮ್ಮ ಸ್ಲೆಡ್ ಗಾಡಿಗಳಲ್ಲಿ ಚಿನ್ನದ ಗಟ್ಟಿಗಳನ್ನು ಬಚ್ಚಿಟ್ಟುಕೊಂಡು, ಆಟದ ನೆಪದಲ್ಲಿ ಜರ್ಮನ್ ಕಾವಲಿನವರ ಮುಂದೆಯೇ ಜಾರುತ್ತಾ ಹೋಗಿ, ಸಮುದ್ರದ ಅಂಚಿನಲ್ಲಿ ಕಾದಿದ್ದ ಹಡಗಿಗೆ ತಲುಪಿಸಿಬಿಟ್ಟರಂತೆ. ಸೈನಿಕರು ನೋಡುತ್ತಲೇ ಇದ್ದರು. ಅವರಿಗೆ ಕಂಡದ್ದು ಮಕ್ಕಳು, ಆಟ, ಹಿಮ ಅಷ್ಟೇ.

ಇತಿಹಾಸದ ಮೇಷ್ಟ್ರಾಗಿದ್ದ ನಾನು ಎಷ್ಟೋ ವರ್ಷ ಇದನ್ನು ನಿಜವೆಂದೇ ನಂಬಿ ತರಗತಿಯಲ್ಲಿ ಹೇಳಿದ್ದೇನೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಆಮೇಲೆ ಓದುತ್ತಾ ಹೋದಂತೆ ತಿಳಿಯಿತು, ಚಿನ್ನ ಪಾರಾದದ್ದು ನಿಜ, ಮಕ್ಕಳು ಸಾಗಿಸಿದ್ದು ಮಾತ್ರ ಕಟ್ಟಿದ ಕತೆ ಎಂದು. ಆಕ್ರಮಣ ನಡೆದ ಆ ಬೆಳಗ್ಗೆಯೇ ಆಸ್ಲೋದ ಬ್ಯಾಂಕಿನಿಂದ ಸುಮಾರು 50 ಟನ್ ಚಿನ್ನ ಲಾರಿಗಳಲ್ಲಿ ಲಿಲ್ಲೆಹಾಮರ್‌ಗೆ ಹೋಯಿತು. ಅಲ್ಲಿಂದ ರೈಲಿನಲ್ಲಿ ಓಂಡಲ್ಸ್‌ನೆಸ್, ಅಲ್ಲಿಂದ ಮೋಲ್ಡೆ. ಒಂದಷ್ಟನ್ನು ಬ್ರಿಟಿಷ್ ಯುದ್ಧನೌಕೆಗಳು ಹೊತ್ತುಕೊಂಡು ಹೋದವು, ಉಳಿದದ್ದನ್ನು ಮೀನುಗಾರರ ದೋಣಿಗಳು ಬಾಂಬುಗಳ ನಡುವೆ ಉತ್ತರದ ಟ್ರೊಮ್ಸೊ ಕಡೆಗೆ ಸಾಗಿಸಿದವು. ಜೊತೆಗೆ ಹೋದವರಲ್ಲಿ ನೂರ್ದಾಲ್ ಗ್ರೀಗ್ ಎಂಬ ಕವಿಯೂ ಇದ್ದರು. ಲಾರಿ ಓಡಿಸಿದವರು, ಪೆಟ್ಟಿಗೆ ಹೊತ್ತವರು, ದೋಣಿ ನಡೆಸಿದವರು ಎಲ್ಲರೂ ದೊಡ್ಡವರೇ.

ಹಾಗಿದ್ದರೂ ಆ ಮಕ್ಕಳ ಕತೆ ಇಷ್ಟು ವರ್ಷ ಹೇಗೆ ಉಳಿಯಿತು? ಅದರ ತಿರುಳು ಸುಳ್ಳಲ್ಲ, ಅದಕ್ಕೇ ಉಳಿಯಿತು ಎಂದು ನನಗೆ ಅನ್ನಿಸುತ್ತದೆ. ಬಂದೂಕು ಹಿಡಿದು ಊರೊಳಗೆ ಬಂದ ಸೈನಿಕ ಗಂಡಸರನ್ನು ನೋಡುತ್ತಾನೆ, ಅವರ ಕೈ ನೋಡುತ್ತಾನೆ, ಜೇಬು ತಡಕುತ್ತಾನೆ. ಹೆಂಗಸರನ್ನೂ ಅನುಮಾನದಿಂದ ನೋಡುತ್ತಾನೆ. ದನ ಹೊಡೆದುಕೊಂಡು ಹೋಗುವ ಹುಡುಗನ ಮೇಲೆ, ಹಾಲಿನ ಪಾತ್ರೆ ಹಿಡಿದ ಹುಡುಗಿಯ ಮೇಲೆ ಮಾತ್ರ ಅವನ ಕಣ್ಣು ನಿಲ್ಲುವುದಿಲ್ಲ. ಆಕ್ರಮಣಕ್ಕೆ ಸಿಕ್ಕಿದ ಹಳ್ಳಿಗಳಿಗೆ ಮಕ್ಕಳಿಂದ ಸಿಕ್ಕ ದೊಡ್ಡ ಬಲ ಇದೇ. ಧೈರ್ಯ, ಚುರುಕು ಎಲ್ಲ ಆಮೇಲಿನ ಮಾತು. ಮೊದಲನೆಯದು, ಅವರು ಯಾರ ಕಣ್ಣಿಗೂ ಬೀಳುವುದಿಲ್ಲ ಎನ್ನುವುದು. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಬಲದ ಬಗ್ಗೆ, ಮತ್ತು ಒಂದು ದಿನ ಸೈನಿಕನ ಕಣ್ಣು ಮಕ್ಕಳ ಮೇಲೂ ಬಿದ್ದಾಗ ಏನಾಯಿತು ಎನ್ನುವುದರ ಬಗ್ಗೆ.

ನಾರ್ವೆಯಿಂದ ಬೇಗ ಮುಂದೆ ಹೋಗುತ್ತೇನೆ, ಆದರೆ ಒಂದು ಸಂಗತಿ ಹೇಳದೆ ಹೋಗಲಾರೆ. 1942ರ ಫೆಬ್ರವರಿಯಲ್ಲಿ ಜರ್ಮನ್ನರ ಕೈಗೊಂಬೆಯಾಗಿದ್ದ ಕ್ವಿಸ್ಲಿಂಗ್ ಸರ್ಕಾರ ಎರಡು ಕಾನೂನು ತಂದಿತು. ಹತ್ತರಿಂದ ಹದಿನೆಂಟು ವರ್ಷದ ಎಲ್ಲ ಮಕ್ಕಳೂ ಆಳುವ ಪಕ್ಷದ ಯುವದಳಕ್ಕೆ ಸೇರಬೇಕು, ಎಲ್ಲ ಶಿಕ್ಷಕರೂ ಸರ್ಕಾರದ ಹೊಸ ಸಂಘಕ್ಕೆ ಸೇರಬೇಕು. ಶಿಕ್ಷಕರು ಸಾವಿರ ಸಾವಿರ ಸಂಖ್ಯೆಯಲ್ಲಿ ಒಂದೇ ಒಕ್ಕಣೆಯ ಕಾಗದ ಬರೆದು ಒಲ್ಲೆವೆಂದರು. ಮಾರ್ಚ್‌ನಲ್ಲಿ ಸುಮಾರು 1,100 ಶಿಕ್ಷಕರ ಬಂಧನವಾಯಿತು. ಅವರಲ್ಲಿ ಸುಮಾರು 500 ಮಂದಿಯನ್ನು ದೇಶದ ಉತ್ತರದ ತುದಿಯ ಕಿರ್ಕೆನೆಸ್‌ಗೆ ಕೂಲಿ ಮಾಡಲು ಕಳಿಸಿದರು. ಅವರನ್ನು ಹೊತ್ತ ರೈಲು ಹೋಗುವಾಗ ದಾರಿಯ ನಿಲ್ದಾಣಗಳಲ್ಲಿ ಮಕ್ಕಳು ಬಂದು ನಿಂತು ಹಾಡಿದರು. ಮೇಷ್ಟ್ರು ದನದ ಡಬ್ಬಿಯಂಥ ಬೋಗಿಯೊಳಗೆ, ಮಕ್ಕಳು ಹೊರಗೆ ಚಳಿಯಲ್ಲಿ. ಮೇಷ್ಟ್ರಾಗಿದ್ದವನಿಗೆ ಇದನ್ನು ಹೇಳುವಾಗ ಗಂಟಲು ಕಟ್ಟುತ್ತದೆ.

ಅದೇ ಚಳಿಗಾಲದಲ್ಲಿ ಅಲ್ಲಿ ಕೆಂಪು ಉಣ್ಣೆಯ ಟೋಪಿ ಹಾಕಿಕೊಳ್ಳುವುದು ಆಕ್ರಮಣದ ವಿರುದ್ಧದ ಗುರುತಾಗಿತ್ತು. ಎಷ್ಟರಮಟ್ಟಿಗೆ ಎಂದರೆ ಟ್ರೊಂಡ್‌ಹೈಮ್‌ನ ಪೊಲೀಸರು 1942ರ ಫೆಬ್ರವರಿ 26ರಿಂದ ಕೆಂಪು ಟೋಪಿ ನಿಷೇಧ ಎಂದು ಪ್ರಕಟಣೆ ಹೊರಡಿಸಿದರು. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಹಾಕಿಕೊಂಡರೆ ಹೆತ್ತವರೇ ಹೊಣೆ ಎಂಬ ಮಾತೂ ಅದರಲ್ಲಿತ್ತು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮಗುವಿನ ಟೋಪಿಯ ಬಣ್ಣ ಪೊಲೀಸರ ಕಣ್ಣಿಗೆ ಬಿದ್ದಿದೆ, ಶಿಕ್ಷೆ ಅಪ್ಪ ಅಮ್ಮನಿಗೆ ಎಂದಾಗಿದೆ. ಮುಂದೆ ಬೇರೆ ಕಡೆಗಳಲ್ಲಿ ಇದು ಟೋಪಿಗೆ ನಿಲ್ಲಲಿಲ್ಲ.

ಈಗ ಫ್ರಾನ್ಸ್. ದೇಶದ ನಡುಭಾಗದ ದಕ್ಷಿಣಕ್ಕೆ, ಸುಮಾರು ಸಾವಿರ ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿ ಲ ಶಾಂಬೋಂ ಸೂರ್ ಲಿನ್ಯೋಂ ಎಂಬ ಊರಿದೆ. ಪೈನ್ ಕಾಡು, ಚದುರಿದ ಕಲ್ಲಿನ ತೋಟದ ಮನೆಗಳು, ಉದ್ದದ ಚಳಿಗಾಲ. ಅಲ್ಲಿಯವರು ಬಹುಪಾಲು ಪ್ರಾಟೆಸ್ಟೆಂಟರು. ಹಿಂದಿನ ಶತಮಾನಗಳಲ್ಲಿ ತಮ್ಮ ನಂಬಿಕೆಗಾಗಿ ತಾವೇ ಕಾಡು ಗುಹೆಗಳಲ್ಲಿ ಅಡಗಿದ್ದವರ ವಂಶಸ್ಥರು. ಓಡಿಬಂದವರನ್ನು ಒಳಗೆ ಕರೆದುಕೊಳ್ಳುವುದು ಅವರಿಗೆ ಯಾರೂ ಕಲಿಸಬೇಕಾದ ಪಾಠವಾಗಿರಲಿಲ್ಲ. ಪಾದ್ರಿ ಆಂದ್ರೆ ತ್ರೋಕ್ಮೆ ಮತ್ತು ಎದುವಾರ್ ತೇಸ್ ಅಲ್ಲಿ 1938ರಲ್ಲಿ ಒಂದು ಶಾಲೆ ತೆರೆದಿದ್ದರು. ಯುದ್ಧದ ವರ್ಷಗಳಲ್ಲಿ ಆ ಊರು, ಸುತ್ತಲಿನ ಹಳ್ಳಿಗಳು ಸಾವಿರಾರು ಜನರನ್ನು ಬಚ್ಚಿಟ್ಟವು. ಅವರಲ್ಲಿ ಬಹಳಷ್ಟು ಯಹೂದಿಗಳು, ಅವರಲ್ಲೂ ಮಕ್ಕಳು ಬಹಳ.

1942ರ ಜುಲೈ 16 ಮತ್ತು 17ರಂದು ಪ್ಯಾರಿಸ್‌ನಲ್ಲಿ ಫ್ರೆಂಚ್ ಪೊಲೀಸರೇ ಮನೆಮನೆಗೆ ನುಗ್ಗಿ 13,152 ಯಹೂದಿಗಳನ್ನು ಹಿಡಿದರು. ಅದರಲ್ಲಿ 4,115 ಮಕ್ಕಳು. ಆಮೇಲೆ ಮೂರು ವಾರ ಕಳೆದು, ಆಗಸ್ಟ್ 10ರಂದು, ಜರ್ಮನ್ನರಿಗೆ ತಲೆಬಾಗಿದ್ದ ಫ್ರಾನ್ಸಿನ ವಿಷಿ ಸರ್ಕಾರದ ಯುವಜನ ಖಾತೆಯ ಮುಖ್ಯಸ್ಥ ಲಾಮಿರಾಂ ಶಾಂಬೋಂಗೆ ಬಂದ. ಸ್ವಾಗತ, ಊಟ, ಮೆರವಣಿಗೆ ಆಗಬೇಕಿತ್ತು. ಶಾಲೆಯ ಹಿರಿಯ ವಿದ್ಯಾರ್ಥಿಗಳು ಅವನ ಕೈಗೆ ಒಂದು ಪತ್ರ ಕೊಟ್ಟರು. ಪ್ಯಾರಿಸ್‌ನಲ್ಲಿ ನಡೆದದ್ದು ನಮಗೆ ಗೊತ್ತಾಗಿದೆ, ನಮ್ಮ ನಡುವೆಯೂ ಯಹೂದಿಗಳಿದ್ದಾರೆ, ನಾವು ಭೇದ ಮಾಡುವವರಲ್ಲ, ಅವರನ್ನು ಒಯ್ಯಲು ಆಜ್ಞೆ ಬಂದರೆ ಕೈಲಾದಷ್ಟು ಬಚ್ಚಿಡುತ್ತೇವೆ ಎಂಬುದು ಅದರ ಸಾರಾಂಶ. ಹದಿಹರೆಯದವರು ಸರ್ಕಾರದ ಮುಖಕ್ಕೆ ಹೀಗೆ ಹೇಳಿದರು. ಎರಡು ವಾರಕ್ಕೆಲ್ಲ ಪೊಲೀಸರು ಖಾಲಿ ಬಸ್ಸುಗಳ ಸಮೇತ ಬಂದರು, ತುಂಬಿಕೊಂಡು ಹೋಗಲು.

ಸ್ಕೌಟ್ ಹುಡುಗರು ಅಷ್ಟರಲ್ಲಿ ತೋಟದ ಮನೆಗಳಿಗೆ ಓಡಿಯಾಗಿತ್ತು. ಸುದ್ದಿ ಮುಟ್ಟಿದ ಕಡೆಯಲ್ಲೆಲ್ಲ ಅಡಗಿದ್ದವರು ಕಾಡು ಸೇರಿದರು. ಪೊಲೀಸರು ದಿನಗಟ್ಟಲೆ ಹುಡುಕಿದರು. ಒಂದು ಹಂತದಲ್ಲಿ ಬಸ್ಸಿನೊಳಗೆ ಒಬ್ಬನೇ ಒಬ್ಬ ಕೈದಿ ಕೂತಿದ್ದ. ಪಾದ್ರಿ ತ್ರೋಕ್ಮೆಯ ಮಗ ತನ್ನ ಬಳಿ ಉಳಿದಿದ್ದ ಚಾಕಲೇಟಿನ ತುಂಡನ್ನು ತಂದು ಕಿಟಕಿಯಿಂದ ಅವನಿಗೆ ಕೊಟ್ಟ. ರೇಷನ್ನಿನ ಕಾಲ, ಮಕ್ಕಳಿಗೆ ಚಾಕಲೇಟ್ ಎಂದರೆ ಏನೆಂದು ನೀವೇ ಊಹಿಸಿ. ಅದನ್ನು ನೋಡಿದ ಊರಿನವರು ಒಬ್ಬೊಬ್ಬರಾಗಿ ಬಂದು ತಮ್ಮ ಕೈಲಾದದ್ದನ್ನು ಕೊಟ್ಟು ಹೋದರಂತೆ. ಅಲ್ಲೇ ನಿಂತಿದ್ದ ಪೊಲೀಸರಿಗೆ ಎಲ್ಲಿ ನೋಡಬೇಕೋ ತಿಳಿದಿರಲಿಕ್ಕಿಲ್ಲ.

ಪಿಯೆರ್ ಪಿತೋಂ ಎಂಬ ಹದಿನೇಳು ವರ್ಷದ ಹುಡುಗ, ಅವನೂ ಸ್ಕೌಟು, ಓಡಿಬಂದವರನ್ನು ರೈಲಿನಲ್ಲಿ, ಕಾಲ್ನಡಿಗೆಯಲ್ಲಿ ಸ್ವಿಟ್ಜರ್ಲೆಂಡ್ ಗಡಿಯವರೆಗೆ ಬಿಟ್ಟು ಬರುತ್ತಿದ್ದ. ಮತ್ತೆ ಮತ್ತೆ ಹೋಗುತ್ತಿದ್ದ. ಇನ್ನೊಬ್ಬ, ಹದಿನೆಂಟರ ಓಸ್ಕಾರ್ ರೋಸೊವ್ಸ್ಕಿ, ತಾನೇ ಯಹೂದಿ, ಸುಳ್ಳು ಗುರುತಿನ ಚೀಟಿಗಳನ್ನು ಮಾಡುವುದರಲ್ಲಿ ಪಳಗಿದ. ಅವನಿದ್ದ ತೋಟದ ಮನೆಯಲ್ಲಿ ಆ ಕಾಗದ ಸೀಲುಗಳನ್ನು ಅಡಗಿಸುತ್ತಿದ್ದದ್ದು ಜೇನುಪೆಟ್ಟಿಗೆಗಳಲ್ಲಿ. ಹುಡುಕಲು ಬಂದವನು ಅಲ್ಲಿಗೆ ಕೈ ಹಾಕುವ ಮುಂಚೆ ಎರಡು ಸಲ ಯೋಚಿಸುತ್ತಾನೆ.

ಇವೆಲ್ಲ ಕೇಳಲು ರೋಮಾಂಚನದ ಸಂಗತಿಗಳು. ಆದರೆ ನನಗೆ ಆ ಊರಿನ ಮಕ್ಕಳ ಅತಿ ದೊಡ್ಡ ಕೆಲಸ ಎಂದು ಕಾಣುವುದು ಬೇರೆ. ಅವರು ಬಾಯಿ ಬಿಡಲಿಲ್ಲ. ತರಗತಿಗೆ ಹೊಸ ಹುಡುಗ ಬರುತ್ತಾನೆ, ಮಾತಿನ ಧಾಟಿ ಬೇರೆ, ಹೆಸರು ಕರೆದರೆ ಒಂದು ಕ್ಷಣ ತಡವಾಗಿ ಓಗೊಡುತ್ತಾನೆ, ಅಪ್ಪ ಅಮ್ಮನ ಸುದ್ದಿ ಎತ್ತಿದರೆ ಮುಖ ತಿರುಗಿಸುತ್ತಾನೆ. ಪಕ್ಕದಲ್ಲಿ ಕೂತ ಮಗುವಿಗೆ ಇದು ತಿಳಿಯದೇ? ಮಕ್ಕಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ನಾವೆಲ್ಲ ಹೇಳುತ್ತೇವೆ. ಆ ಪ್ರಸ್ಥಭೂಮಿಯ ಮಕ್ಕಳು ವರ್ಷಗಟ್ಟಲೆ ಕೇಳಬಾರದ್ದನ್ನು ಕೇಳದೆ, ಹೇಳಬಾರದ್ದನ್ನು ಹೇಳದೆ ಇದ್ದರು. ಅದೇ ಊರಿನ ಹೋಟೆಲುಗಳಲ್ಲಿ ಗಾಯಗೊಂಡ ಜರ್ಮನ್ ಸೈನಿಕರು ಚೇತರಿಸಿಕೊಳ್ಳುತ್ತಿದ್ದರು ಎನ್ನುವುದನ್ನೂ ಇದಕ್ಕೆ ಸೇರಿಸಿ ನೋಡಿ. ಒಂದು ಮಗು ಅಂಗಡಿಯ ಮುಂದೆ ನಿಂತು ಒಂದು ಮಾತು ಜಾರಿಸಿದ್ದರೆ ಸಾಕಿತ್ತು. 1990ರಲ್ಲಿ ಇಸ್ರೇಲಿನಲ್ಲಿರುವ ಯಹೂದಿ ನರಮೇಧದ ಸ್ಮಾರಕ ಸಂಸ್ಥೆ ಯಾದ್ ವಾಶೆಮ್ ಆ ಊರು ಮತ್ತು ಸುತ್ತಲಿನ ಹಳ್ಳಿಗಳ ಜನರನ್ನೆಲ್ಲ ಒಟ್ಟಾಗಿ ಗೌರವಿಸಿತು. ಆ ಗೌರವದಲ್ಲಿ ಈ ಮೌನಕ್ಕೂ ಪಾಲಿದೆ.

ಇನ್ನು ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಜಾಗಕ್ಕೆ ಬರುತ್ತೇನೆ. ಉತ್ತರ ಚೀನಾದ ಹೆಬೇ ಪ್ರಾಂತ್ಯದ ಹಳ್ಳಿಗಳು. ಎರಡನೆಯ ಮಹಾಯುದ್ಧ ಎಂದರೆ ನಾವು ಯುರೋಪನ್ನೇ ನೆನೆಯುತ್ತೇವೆ. ಚೀನಾದಲ್ಲಿ ಯುದ್ಧ 1937ರ ಜುಲೈನಲ್ಲೇ ಶುರುವಾಗಿತ್ತು, ಎಂಟು ವರ್ಷ ನಡೆಯಿತು.

ಜಪಾನಿ ಸೈನ್ಯ ಪಟ್ಟಣಗಳನ್ನು, ರೈಲುಹಾದಿಗಳನ್ನು ಹಿಡಿಯಿತು. ನಡುವೆ ಕಣ್ಣು ಹಾಯುವಷ್ಟು ದೂರ ಗೋಧಿ, ಜೋಳ, ಸಜ್ಜೆಯಂಥ ಕಾಳಿನ ಹೊಲಗಳು, ಮಣ್ಣಿನ ಗೋಡೆಯ ಹಳ್ಳಿಗಳು. ಅಲ್ಲಿ ಹಗಲು ಜಪಾನಿಯರದು, ರಾತ್ರಿ ಚೀನಾದ ಕಮ್ಯುನಿಸ್ಟರ ಎಂಟನೇ ಮಾರ್ಗ ಸೇನೆಯದು. 1938ರ ಜನವರಿಯಲ್ಲಿ ಫೂಪಿಂಗ್‌ನಲ್ಲಿ ಶಾನ್ಶಿ, ಚಾಹಾರ್, ಹೆಬೇ ಗಡಿಪ್ರದೇಶದ ಪ್ರತಿರೋಧ ಸರ್ಕಾರ ನೆಲೆ ಕಂಡಿತು. ಅದನ್ನು ಹಿಸುಕಲು ಜಪಾನಿಯರು ಹೊಲಗಳ ನಡುವೆ ಬುರುಜು ಕಟ್ಟಿದರು, ಕಂದಕ ತೋಡಿದರು, ಮತ್ತೆ ಮತ್ತೆ ಹಳ್ಳಿಗಳನ್ನು ಜಾಲಾಡಿದರು.

ಈ ಹಳ್ಳಿಗಳಲ್ಲಿ ಮಕ್ಕಳ ದಳಗಳಿದ್ದವು. ಏಳೆಂಟು ವರ್ಷದವರಿಂದ ಹಿಡಿದು ಹದಿನಾಲ್ಕು ಹದಿನೈದರವರೆಗೆ. ಊರ ಬಾಯಲ್ಲಿ ಕೆಂಪು ಕುಚ್ಚು ಕಟ್ಟಿದ ಈಟಿ ಹಿಡಿದು ಇಬ್ಬರು ನಿಲ್ಲುತ್ತಿದ್ದರು. ಯಾರೇ ಅಪರಿಚಿತರು ಬರಲಿ, ರಹದಾರಿ ಚೀಟಿ ತೋರಿಸಬೇಕು. ಚೀಟಿಯಿಲ್ಲದ ದೊಡ್ಡ ಅಧಿಕಾರಿಯನ್ನೂ ಮಕ್ಕಳು ತಡೆದು ನಿಲ್ಲಿಸಿದ ಕತೆಗಳು ಅಲ್ಲಿ ಬೇಕಾದಷ್ಟು. ಓದು ಬಾರದ ಮಕ್ಕಳು ಚೀಟಿ ಓದಲೆಂದೇ ಅಕ್ಷರ ಕಲಿತರು.

ಊರ ಪಕ್ಕದ ಗುಡ್ಡದ ನೆತ್ತಿಯಲ್ಲಿ ಬೇರಿಲ್ಲದ ಒಂದು ಸಣ್ಣ ಮರ ನೆಟ್ಟಿರುತ್ತಿದ್ದರು. ಸುದ್ದಿಮರ ಎಂದು ಅದರ ಹೆಸರು. ದೂರದಲ್ಲಿ ಸೈನ್ಯದ ದೂಳು ಕಂಡರೆ ಕಾವಲಿದ್ದ ಹುಡುಗ ಅದನ್ನು ಉರುಳಿಸಬೇಕು. ಅದನ್ನು ಕಂಡ ಮುಂದಿನ ಗುಡ್ಡದವನು ತನ್ನ ಮರ ಉರುಳಿಸುತ್ತಾನೆ. ಹೀಗೆ ಒಂದು ಗುಡ್ಡದಿಂದ ಇನ್ನೊಂದಕ್ಕೆ, ಕುದುರೆಗಿಂತ ಬೇಗ, ಹಳ್ಳಿಗಳು ಎಚ್ಚರಾಗುತ್ತಿದ್ದವು. ತಂತಿ ಇಲ್ಲ, ಫೋನ್ ಇಲ್ಲ. ಕಾಗದದಲ್ಲೇ ಕಳಿಸಬೇಕಾದ ತುರ್ತು ಸುದ್ದಿಯಾದರೆ ಲಕೋಟೆಗೆ ಕೋಳಿ ಪುಕ್ಕ ಅಂಟಿಸುತ್ತಿದ್ದರು. ಪುಕ್ಕವಿದ್ದ ಕಾಗದ ಕೈಗೆ ಬಂತೆಂದರೆ ಉಣ್ಣುತ್ತಿದ್ದವನು ಕೈ ತೊಳೆದು ಓಡಬೇಕು. ಅದನ್ನು ಒಯ್ಯುತ್ತಿದ್ದವರಲ್ಲಿ ಕುರಿ ಕಾಯುವ ಹುಡುಗರು ಬಹಳ. ಕುರಿ ಹಿಂಡಿನ ಜೊತೆ ಹೋಗುವ ಹುಡುಗ ಎಲ್ಲಿಗೆ ಹೊರಟೆ ಎಂದು ಯಾರೂ ಕೇಳುವುದಿಲ್ಲವಲ್ಲ.

ನನಗೆ ಎಲ್ಲಕ್ಕಿಂತ ಮನಸ್ಸಿಗೆ ನಾಟಿದ್ದು ಅಲ್ಲಿನ ಶಾಲೆಗಳ ಸಂಗತಿ. ಬುರುಜಿಗೆ ಹತ್ತಿರದ ಹಳ್ಳಿಗಳಲ್ಲಿ ಮಕ್ಕಳ ಬಳಿ ಎರಡು ಪಠ್ಯಪುಸ್ತಕ ಇರುತ್ತಿದ್ದವು. ಒಂದು ಜಪಾನಿಯರು ಒಪ್ಪಿದ್ದು, ಇನ್ನೊಂದು ಪ್ರತಿರೋಧ ಸರ್ಕಾರದ್ದು. ಚಿತ್ರ ಕಣ್ಣಿಗೆ ತಂದುಕೊಳ್ಳಿ. ಮಣ್ಣಿನ ಗೋಡೆಯ ಕೋಣೆ, ನೆಲದ ಮೇಲೆ ಇಪ್ಪತ್ತು ಮೂವತ್ತು ಮಕ್ಕಳು, ಮೇಷ್ಟ್ರು ಯುದ್ಧದ ಸುದ್ದಿ ಹೇಳುತ್ತಿದ್ದಾರೆ. ಹೊರಗೆ ದಾರಿಯಲ್ಲಿ ಒಬ್ಬ ಹುಡುಗ ಬುಟ್ಟಿ ಹಿಡಿದು ಸಗಣಿ ಆಯುತ್ತಿದ್ದಾನೆ, ಆಯುತ್ತಲೇ ದಾರಿ ನೋಡುತ್ತಿದ್ದಾನೆ. ಅವನಿಂದ ಒಂದು ಸನ್ನೆ. ಒಳಗೆ ಯಾರೂ ಮಾತಾಡುವುದಿಲ್ಲ. ಒಂದು ಪುಸ್ತಕ ಒಲೆಯ ಸಂದಿಗೆ, ಚಾಪೆಯ ಅಡಿಗೆ, ಅಂಗಿಯ ಒಳಗೆ ಹೋಗುತ್ತದೆ, ಇನ್ನೊಂದು ತೊಡೆಯ ಮೇಲೆ ತೆರೆದುಕೊಳ್ಳುತ್ತದೆ. ಸೈನಿಕ ಬಾಗಿಲಿಗೆ ಬರುವ ಹೊತ್ತಿಗೆ ಮಕ್ಕಳೆಲ್ಲ ಒಕ್ಕೊರಲಿನಲ್ಲಿ ಅವನಿಗೆ ಬೇಕಾದ ಪಾಠವನ್ನೇ ಓದುತ್ತಿದ್ದಾರೆ. ಅವನು ಹೋದ ಮೇಲೆ ಮೊದಲಿನ ಪುಸ್ತಕ, ನಿಂತ ಸಾಲಿನಿಂದಲೇ ಮುಂದಕ್ಕೆ.

ಮಗು ಎಂಬುದು ಸತ್ಯ ಹೇಳಬೇಕಾದ ಜೀವ ಎಂದು ನಾವು ಕಲಿಸುತ್ತೇವೆ. ಆ ಮಕ್ಕಳಿಗೆ ಸುಳ್ಳು ಹೇಳುವುದನ್ನು ಶಾಲೆಯಲ್ಲೇ ಕಲಿಸಬೇಕಾಯಿತು. ಜಪಾನಿ ಸೈನಿಕರು ಮಿಠಾಯಿ ಕೊಟ್ಟು, ತಲೆ ನೇವರಿಸಿ, ಎಂಟನೇ ಮಾರ್ಗದವರು ಎಲ್ಲಿದ್ದಾರೆ, ಧಾನ್ಯ ಎಲ್ಲಿ ಹೂತಿದ್ದೀರಿ ಎಂದು ಮಕ್ಕಳನ್ನೇ ಕೇಳತೊಡಗಿದ್ದರು. ಅದಕ್ಕೆ ಶಾಲೆಗಳಲ್ಲಿ ಮಕ್ಕಳಿಂದ ಪ್ರತಿಜ್ಞೆ ಮಾಡಿಸುತ್ತಿದ್ದರು. ಶತ್ರುವಿಗೆ ಒಂದು ನಿಜವನ್ನೂ ಹೇಳುವುದಿಲ್ಲ, ನೆಲಮಾಳಿಗೆ ಮತ್ತು ಧಾನ್ಯ ತೋರಿಸುವುದಿಲ್ಲ, ಅವರು ಕೊಟ್ಟದ್ದನ್ನು ಮುಟ್ಟುವುದಿಲ್ಲ. ಬರಗಾಲದ ನಾಡಿನ ಹಸಿದ ಮಗು ಕೈಗೆ ಬಂದ ಮಿಠಾಯಿಯನ್ನು ಬೇಡ ಎನ್ನಬೇಕು. ನಾನು ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಇದೇ ಹಳ್ಳಿಗಳಲ್ಲಿ ನಮ್ಮವರೊಬ್ಬರು ಇದ್ದರು. ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್. 1938ರಲ್ಲಿ ಭಾರತದಿಂದ ಚೀನಾಕ್ಕೆ ಹೋದ ಐವರು ವೈದ್ಯರ ತಂಡದಲ್ಲಿ ಅವರಿದ್ದರು. ಉಳಿದವರು ಮರಳಿದರೂ ಅವರು ಅಲ್ಲೇ ಉಳಿದರು. ಕೆನಡಾದ ಡಾಕ್ಟರ್ ಬೆಥ್ಯೂನ್ ಹೆಸರಿನ ಆಸ್ಪತ್ರೆಯ ನಿರ್ದೇಶಕರಾದರು. ಆಸ್ಪತ್ರೆ ಎಂದರೆ ಕಟ್ಟಡವಲ್ಲ. ರೈತರ ಮನೆಗಳು, ಗುಡಿಗಳು, ಇವತ್ತು ಒಂದು ಹಳ್ಳಿ, ನಾಳೆ ಇನ್ನೊಂದು. ದಾಳಿಯ ಸುದ್ದಿ ಬಂತೆಂದರೆ ಗಾಯಾಳುಗಳನ್ನು ಹೊತ್ತು ಹೊರಡಬೇಕು. ಆ ಸುದ್ದಿ ತರುತ್ತಿದ್ದದ್ದು ಸುದ್ದಿಮರ, ಪುಕ್ಕದ ಕಾಗದ. ಊರಲ್ಲೇ ಉಳಿದ ಗಾಯಾಳುವನ್ನು ರೈತ ಹೆಂಗಸು ನನ್ನ ಮಗ ಎನ್ನುತ್ತಿದ್ದಳು, ಅವಳ ಮಕ್ಕಳು ನಮ್ಮಣ್ಣ ಎನ್ನುತ್ತಿದ್ದರು. ಕೋಟ್ನಿಸ್ 1942ರ ಡಿಸೆಂಬರ್ 9ರಂದು ಹೆಬೇ ಪ್ರಾಂತ್ಯದ ಗೆಗೊಂಗ್ ಎಂಬ ಹಳ್ಳಿಯಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತೆರಡು. ಅವರ ಮಗುವಿಗೆ ಇನ್ನೂ ನಾಲ್ಕು ತಿಂಗಳೂ ತುಂಬಿತ್ತೋ ಇಲ್ಲವೋ.

ಅದೇ ವರ್ಷದ ಮೇ ತಿಂಗಳಲ್ಲಿ ಮಧ್ಯ ಹೆಬೇಯ ಮೇಲೆ ಜಪಾನಿಯರ ಅತಿ ದೊಡ್ಡ ಕಾರ್ಯಾಚರಣೆ ನಡೆದಿತ್ತು. ಅಷ್ಟರಲ್ಲಿ ಅವರಿಗೆ ಒಂದು ವಿಷಯ ಚೆನ್ನಾಗಿ ಅರ್ಥವಾಗಿತ್ತು. ಈ ಹಳ್ಳಿಗಳಲ್ಲಿ ಸೈನಿಕ ಬೇರೆ, ರೈತ ಬೇರೆ, ಮಗು ಬೇರೆ ಎಂದಿಲ್ಲ. ಹಾಗೆ ಅರ್ಥವಾದ ದಿನ ಸೈನಿಕನ ಕಣ್ಣು ಮಕ್ಕಳ ಮೇಲೂ ನಿಂತಿತು. ಸುಡು, ಕೊಲ್ಲು, ಕೊಳ್ಳೆಹೊಡೆ, ಮೂರೂ ಪೂರ್ತಿ. ಚೀನಾದವರು ಆ ನೀತಿಗೆ ಇಟ್ಟ ಹೆಸರೇ ಅದು.

ಹಳ್ಳಿಗಳು ನೆಲದಡಿಗೆ ಇಳಿದಿದ್ದವು. ರಾನ್‌ಜ್ವಾಂಗ್ ಎಂಬ ಊರಿನ ಸುರಂಗಗಳನ್ನು ಇವತ್ತೂ ಉಳಿಸಿಕೊಂಡಿದ್ದಾರೆ. ಯುದ್ಧದ ಕಾಲಕ್ಕೆ ಅವು ಸುಮಾರು 16 ಕಿಲೋಮೀಟರ್ ಉದ್ದವಿದ್ದವು. ಒಳಗಿಳಿಯುವ ದಾರಿ ಒಲೆಯ ಅಡಿಯಲ್ಲಿ, ಬಾವಿಯ ಗೋಡೆಯಲ್ಲಿ, ದನದ ಗೋದಲಿಯ ಕೆಳಗೆ. ಆದರೆ ಸುರಂಗ ಎಲ್ಲರನ್ನೂ ಕಾಯಲಿಲ್ಲ. 1942ರ ಮೇ 27ರಂದು ಬೇಯ್‌ತುವಾನ್ ಎಂಬ ಹಳ್ಳಿಯ ಸುರಂಗಕ್ಕೆ ಜಪಾನಿ ಸೈನ್ಯ ವಿಷಾನಿಲ ಬಿಟ್ಟಿತು. ಸತ್ತವರು 800ಕ್ಕೂ ಹೆಚ್ಚು ಎಂದು ಚೀನಾದ ದಾಖಲೆಗಳು ಹೇಳುತ್ತವೆ. ಒಳಗಿದ್ದವರಲ್ಲಿ ಮಕ್ಕಳು, ಕೂಸುಗಳು ಇದ್ದರು. ಅವರಲ್ಲಿ ಯಾರು ಕಾಗದ ಒಯ್ದಿದ್ದರು, ಯಾರು ಏನೂ ಮಾಡಿರಲಿಲ್ಲ ಎಂದು ಅನಿಲ ನೋಡಲಿಲ್ಲ.

ಒಬ್ಬ ಹುಡುಗ ಸಿಕ್ಕಿಬಿದ್ದರೆ ಅವನೊಬ್ಬನೇ ಸಿಕ್ಕಿಬೀಳುವುದಿಲ್ಲ. ಅವನ ಸುತ್ತಲಿನ ಹತ್ತೂರಿನ ಹುಡುಗರ ಮೇಲಿದ್ದ ಪರದೆ ಅವತ್ತೇ ಹರಿದುಹೋಗುತ್ತದೆ. ಕಾಗದ ಕೈಗಿಟ್ಟು ಕಳಿಸಿದ ದೊಡ್ಡವರು ಇದನ್ನು ಬಲ್ಲವರೇ. ಬಲ್ಲವರಾಗಿಯೂ ಕಳಿಸಿದರು, ಬೇರೆ ದಾರಿ ಕಾಣದೆ. ನಾನು ಅವರನ್ನು ತೂಗಿ ನೋಡುವ ಜಾಗದಲ್ಲಿ ನಿಂತಿಲ್ಲ. ಆದರೆ ಹುಡುಗನ ಧೈರ್ಯವನ್ನು ಹಾಡಿ ಹೊಗಳಿ, ಕಳಿಸಿದವರ ಸಂಕಟವನ್ನು ಬಿಟ್ಟುಬಿಡುವ ಕತೆ ನನಗೆ ಅರ್ಧ ಕತೆ.

ಈಗ ಮತ್ತೆ ಯುರೋಪಿಗೆ, ಜರ್ಮನ್ನರು ಆಕ್ರಮಿಸಿದ್ದ ಸೋವಿಯತ್ ನಾಡಿಗೆ. ಬೆಲಾರೂಸ್‌ನ ಮರಾತ್ ಕಾಜೆಯ್ ಹೆಸರು ಕೆಲವರಿಗೆ ಗೊತ್ತಿರಬಹುದು. ಹುಟ್ಟಿದ್ದು 1929ರ ಅಕ್ಟೋಬರ್‌ನಲ್ಲಿ, ಸ್ತಾನ್‌ಕೊವೊ ಎಂಬ ಹಳ್ಳಿಯಲ್ಲಿ. ತಾಯಿ ಆನ್ನಾ ಗಾಯಗೊಂಡ ಗೆರಿಲ್ಲಾಗಳನ್ನು ಮನೆಯಲ್ಲಿ ಅಡಗಿಸಿದಳೆಂದು ಜರ್ಮನ್ನರು 1942ರಲ್ಲಿ ಮಿನ್ಸ್ಕ್‌ನಲ್ಲಿ ಗಲ್ಲಿಗೇರಿಸಿದರು. ಹುಡುಗ ಮತ್ತು ಅವನ ಅಕ್ಕ ಅರಿಯಾದ್ನಾ ಕಾಡು ಸೇರಿದರು. ಅಕ್ಕ ಹಿಮಕ್ಕೆ ಸಿಕ್ಕಿ ಕಾಲು ಕಳೆದುಕೊಂಡಳು. ಹುಡುಗ ಊರೂರು ಸುತ್ತಿ ಸುದ್ದಿ ತರುವವನಾದ. 1944ರ ಮೇ 11ರಂದು ಒಂದು ಹಳ್ಳಿಯ ಬಳಿ ಜರ್ಮನ್ನರು ಸುತ್ತುವರಿದಾಗ, ಗುಂಡು ಮುಗಿದ ಮೇಲೆ, ತನ್ನ ಕೈಯ ಗ್ರೆನೇಡನ್ನು ಸಿಡಿಸಿಕೊಂಡು ಸತ್ತ. ಹದಿನಾಲ್ಕು ವರ್ಷ. ಜುಲೈ 3ರಂದು ಮಿನ್ಸ್ಕ್ ಬಿಡುಗಡೆಯಾಯಿತು. ಎರಡು ತಿಂಗಳೂ ಇರಲಿಲ್ಲ.

1959ರಲ್ಲಿ ಮಿನ್ಸ್ಕ್‌ನಲ್ಲಿ ಅವನ ಪ್ರತಿಮೆ ನಿಂತಿತು, 1965ರಲ್ಲಿ ಸೋವಿಯತ್ ಒಕ್ಕೂಟದ ವೀರ ಎಂಬ ಬಿರುದು ಬಂತು. ಸೋವಿಯತ್ ನಾಡಿನ ಮಕ್ಕಳಿಗೆ ಅವನ ಕತೆ ಪಾಠವಾಯಿತು. ಅವನಿಗೆ ಗೌರವ ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹದಿನಾಲ್ಕರ ಹುಡುಗ ಸಿಡಿದು ಸತ್ತದ್ದನ್ನು ಕಂಚಿನಲ್ಲಿ ಎರೆದು ಇತರ ಮಕ್ಕಳ ಮುಂದೆ ಮಾದರಿಯಾಗಿ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಅವನು ಬದುಕಿ, ಅಕ್ಕನ ಜೊತೆ ಊರಿಗೆ ಮರಳಿ, ಮುದುಕನಾಗಿ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ಹೇಳಬೇಕಿತ್ತು. ಅಕ್ಕ ಬದುಕಿದಳು, ಕೃತಕ ಕಾಲಿನಲ್ಲಿ ನಡೆದು ಶಾಲೆಯ ಶಿಕ್ಷಕಿಯಾದಳು. ಆ ಬಾಳಿಗೂ ಧೈರ್ಯ ಬೇಕು.

ಅದೇ ಬೆಲಾರೂಸ್‌ನಲ್ಲಿ ಖಾತಿನ್ ಎಂಬ ಹಳ್ಳಿ ಇತ್ತು. ಇತ್ತು ಎಂದೇ ಹೇಳಬೇಕು. ಒಂದು ರಾತ್ರಿ ಅಲ್ಲಿ ಗೆರಿಲ್ಲಾಗಳು ಉಳಿದುಕೊಂಡಿದ್ದರು. ಮರುದಿನ, 1943ರ ಮಾರ್ಚ್ 22ರಂದು, ಅವರ ದಾಳಿಯಲ್ಲಿ ಜರ್ಮನ್ ಅಧಿಕಾರಿಯೊಬ್ಬ ಸತ್ತ. ಸಂಜೆಯೊಳಗೆ ಊರಿನವರನ್ನೆಲ್ಲ ಒಂದು ಕಣಜದ ಕೊಟ್ಟಿಗೆಗೆ ತುಂಬಿ ಬೆಂಕಿ ಹಚ್ಚಿದರು. ಸತ್ತವರು 149, ಅವರಲ್ಲಿ 75 ಮಕ್ಕಳು. ವಿಕ್ತೊರ್ ಜೆಲೊಬ್ಕೊವಿಚ್ ಎಂಬ ಏಳು ವರ್ಷದ ಹುಡುಗ ತಾಯಿಯ ಮೈಯ ಅಡಿಯಲ್ಲಿ ಉಳಿದುಕೊಂಡ. ಈಗ ಅಲ್ಲಿ ಮನೆಗಳಿದ್ದ ಜಾಗದಲ್ಲಿ ಹೊಗೆಗೂಡಿನಂತೆ 26 ಕಂಬಗಳು ನಿಂತಿವೆ. ಪ್ರತಿಯೊಂದರ ತುದಿಯಲ್ಲೂ ಒಂದು ಗಂಟೆ, ಮೈಮೇಲೆ ಆ ಮನೆಯವರ ಹೆಸರುಗಳು. ಮೂವತ್ತು ಸೆಕೆಂಡಿಗೊಮ್ಮೆ ಗಂಟೆ ಬಾರಿಸುತ್ತದೆ.

ಕಾನೂನಿನ ಮಾತನ್ನು ಚುಟುಕಾಗಿ ಹೇಳುತ್ತೇನೆ, ಇಲ್ಲಿ ಕಾಲೇಜಿನ ಮಕ್ಕಳೂ ಇದ್ದೀರಿ. ಹದಿನೈದು ತುಂಬದವರನ್ನು ಯುದ್ಧಕ್ಕೆ ಸೇರಿಸಿಕೊಳ್ಳಬಾರದು ಎಂದು ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ವಿಧಿಗಳು ಹೇಳಿದವು. 2000ದಲ್ಲಿ ವಿಶ್ವಸಂಸ್ಥೆಯ ಇನ್ನೊಂದು ಒಡಂಬಡಿಕೆ ಒತ್ತಾಯದ ಸೇರ್ಪಡೆಗೆ ವಯಸ್ಸಿನ ಮಿತಿಯನ್ನು ಹದಿನೆಂಟಕ್ಕೆ ಏರಿಸಿತು. ಮಕ್ಕಳನ್ನು ಸೈನಿಕರನ್ನಾಗಿ ಮಾಡಿದ ಅಪರಾಧಕ್ಕೆ ಕಾಂಗೋದ ಥಾಮಸ್ ಲುಬಾಂಗಾಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2012ರಲ್ಲಿ 14 ವರ್ಷ ಸೆರೆವಾಸ ಕೊಟ್ಟಿತು. ಇವುಗಳ ನಡುವೆ 2007ರ ಪ್ಯಾರಿಸ್ ತತ್ವಗಳು ಎಂಬ ದಾಖಲೆ ಇದೆ, ನನಗೆ ಅದು ಮುಖ್ಯ. ಬಂದೂಕು ಹಿಡಿದ ಮಗು ಮಾತ್ರವಲ್ಲ, ಅಡುಗೆ ಮಾಡಿದ, ಹೊರೆ ಹೊತ್ತ, ಸುದ್ದಿ ಒಯ್ದ, ಬೇಹುಗಾರಿಕೆ ಮಾಡಿದ ಮಗುವೂ ಯುದ್ಧಕ್ಕೆ ಎಳೆಯಲ್ಪಟ್ಟ ಮಗುವೇ ಎಂದು ಅದು ಬರೆಯಿತು. ಸುದ್ದಿ ಒಯ್ಯುವುದು ಸಣ್ಣ ಕೆಲಸವಲ್ಲ ಎಂದು ಲೋಕ ಒಪ್ಪಿಕೊಳ್ಳಲು ಅಷ್ಟು ಕಾಲ ಹಿಡಿಯಿತು. ಸುದ್ದಿಮರದ ಅಡಿ ಕೂತಿದ್ದ ಹುಡುಗನಿಗೆ ಅದು ಮೊದಲೇ ಗೊತ್ತಿತ್ತು.

ಮಾತು ಮುಗಿಸಿದ ಮೇಲೆ ಸಭೆಯಿಂದ ಕೆಲವು ಪ್ರಶ್ನೆಗಳು ಬಂದವು. ಹೆಚ್ಚಿನವು ಹಿರಿಯರದು, ಯುದ್ಧ ನೀತಿಯ ಬಗ್ಗೆ, ಅವಕ್ಕೆ ತಿಳಿದಷ್ಟು ಉತ್ತರಿಸಿದೆ. ಕೊನೆಗೆ ಮುಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದ ಹತ್ತು ಹನ್ನೊಂದರ ಹುಡುಗಿ ಕೈ ಎತ್ತಿದಳು.

“ಸರ್, ಆ ಫ್ರಾನ್ಸಿನ ಊರಿನಲ್ಲಿ ಎಲ್ಲರೂ ಕಾಡಿಗೆ ಹೋಗಿ ಅಡಗಿಕೊಂಡರು ಅಂದ್ರಲ್ಲ. ಪೊಲೀಸರು ವಾಪಸ್ ಹೋದದ್ದು ಅವರಿಗೆ ಹೇಗೆ ಗೊತ್ತಾಗ್ತಿತ್ತು?”

ಇಡೀ ಸಭೆಯಲ್ಲಿ ಅದನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಒಳ್ಳೆಯದಾಯಿತು ಕೇಳಿದ್ದು ಪುಟ್ಟಾ, ಎಂದೆ. ಅದಕ್ಕೂ ಅವರು ಒಂದು ದಾರಿ ಮಾಡಿಕೊಂಡಿದ್ದರು. ಪೊಲೀಸರ ಗಾಡಿಗಳು ಘಾಟಿ ಇಳಿದು ಹೋದ ಮೇಲೆ ಊರಿನವರು ಕಾಡಿನೊಳಗೆ ನಡೆಯುತ್ತಾ ಹೋಗಿ ಒಂದು ಹಾಡು ಹಾಡುತ್ತಿದ್ದರು. ಮರಗಳ ಮರೆಯಲ್ಲಿ ಉಸಿರು ಹಿಡಿದು ಕೂತವರ ಕಿವಿಗೆ ಆ ಹಾಡು ಬಿದ್ದರೆ ಅವರು ಎದ್ದು ನಿಲ್ಲಬಹುದಿತ್ತು, ಮೈಮೇಲಿನ ತರಗೆಲೆ ಕೊಡವಿಕೊಂಡು ಮನೆಗೆ ಬರಬಹುದಿತ್ತು.